ಎಡಗೈಯ ಬಿತ್ತನೆ

ನನ್ನ ಹೊಲಿಗೆ ಡಬ್ಬಿಯಲ್ಲಿ ಒಂದು ಭೂತಗನ್ನಡಿ ಇದೆ. ಅದಕ್ಕೆ ಹಿಡಿ ಇಲ್ಲ. ಬಾಟಲಿಯ ಮುಚ್ಚಳದಷ್ಟು ದೊಡ್ಡದು, ಕಣ್ಣಿಗೆ ಒತ್ತಿಕೊಂಡು ನೋಡಬೇಕು. ಈಗ ಅದಕ್ಕೆ ಎರಡೇ ಕೆಲಸ: ಸೂಜಿಯ ಕಣ್ಣು ಹುಡುಕುವುದು, ಮಾತ್ರೆಯ ಶೀಶೆಯ ಮೇಲಿನ ಅಕ್ಷರ ಓದುವುದು. ಹೋದ ವಾರ ಡಬ್ಲಿನ್‌ನಿಂದ ಬಂದಿದ್ದ ಮಗಳು ಅಂಗಿಗೆ ಗುಂಡಿ ಹುಡುಕುತ್ತ ಅದನ್ನು ಎತ್ತಿ ಹಿಡಿದು, "ವಾಟ್ ಈಸ್ ದಿಸ್, ಅಮ್ಮ?" ಎಂದಳು.

"ಅದು ನನ್ನ ಮೊದಲನೇ ಕೆಲಸದ್ದು ಕಣೇ" ಎಂದೆ.

"ಯು ಹ್ಯಾಡ್ ಎ ಜಾಬ್?" ಎಂದು ಹುಬ್ಬೇರಿಸಿದಳು.

ಸಂಬಳ ಇರಲಿಲ್ಲ, ಹಾಗಾಗಿ ಅವಳ ಮಟ್ಟಿಗೆ ಅದು ಕೆಲಸವಲ್ಲ. ಕಥೆ ಹೇಳೋಣವೆಂದು ಕುರ್ಚಿ ಎಳೆದುಕೊಂಡೆ, ಅಷ್ಟರಲ್ಲಿ ಅವಳಿಗೆ ಫೋನು ಬಂತು. ಎಳೆದ ಕುರ್ಚಿ ಹಾಗೇ ಇದೆ, ಆದ್ದರಿಂದ ನಿಮಗೆ ಹೇಳುತ್ತೇನೆ. ನಡುವೆ ನಿಮಗೂ ಫೋನು ಬಂದರೆ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಮಾತು. ಆಗ ನಾವು ಮೌಂಟನ್ ವ್ಯೂನಲ್ಲಿ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಮೂರ್ತಿ ಕಂಪ್ಯೂಟರಿನ ಚಿಪ್ಪು ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರು. ಅವರ ವೀಸಾದ ಬಾಲ ಹಿಡಿದು ಬಂದ ನನಗೆ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಬೆಳಗ್ಗೆ ಅವರು ಹೊರಟ ಮೇಲೆ ಮನೆ ಗುಡಿಸಿ, ಸಾರು ಮಾಡಿ, ಕಾರ್ಪೆಟ್ಟಿಗೆ ವ್ಯಾಕ್ಯೂಮು ಹೊಡೆದು ನೋಡಿದರೆ ಇನ್ನೂ ಹತ್ತೂವರೆ. ಮತ್ತೊಂದು ಸಲ ವ್ಯಾಕ್ಯೂಮು ಹೊಡೆಯುತ್ತಿದ್ದೆ. ಕೆಳಗಿನ ಮನೆಯವರು ಮ್ಯಾನೇಜರಿಗೆ ದೂರು ಕೊಟ್ಟರು. ಅದೇ ವಾರ ಲೈಬ್ರರಿಯ ನೋಟೀಸು ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು: ಹತ್ತಿರದ ಕಾಲೇಜಿನ ಕಲಾ ವಿಭಾಗದ ಸ್ಲೈಡು ಕೋಣೆಗೆ ಪುಕ್ಕಟೆ ಕೆಲಸ ಮಾಡುವವರು ಬೇಕಾಗಿದ್ದಾರೆ, ವಾರಕ್ಕೆ ಎರಡು ದಿನ. ಬಸ್ಸಿನಲ್ಲಿ ಹೋಗಿ ಸೇರಿಕೊಂಡೆ. ಕೆಳಗಿನ ಮನೆಯವರಿಗೂ ನೆಮ್ಮದಿಯಾಯಿತು.

ಸ್ಲೈಡು ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕಟ್ಟು, ಅದರೊಳಗೆ ಎರಡು ಗಾಜುಗಳ ನಡುವೆ ಬಣ್ಣದ ಫಿಲಮ್ಮಿನ ಒಂದು ತುಂಡು. ಪ್ರೊಜೆಕ್ಟರಿಗೆ ಹಾಕಿದರೆ ಪರದೆಯ ತುಂಬ ಚಿತ್ರ. ಆ ಕೋಣೆಯಲ್ಲಿ ಅಂಥವು ಡ್ರಾಯರುಗಟ್ಟಲೆ ಇದ್ದವು. ಕೋಣೆಯ ಒಡತಿ ಮಾರ್ಜ್, ಅರವತ್ತು ದಾಟಿದ ಗಟ್ಟಿ ಹೆಂಗಸು, ಸೊಂಟನೋವು. ನನ್ನ ಕೆಲಸ ಒಡೆದ ಗಾಜು ಬದಲಿಸುವುದು, ಹೆಸರಿನ ಚೀಟಿ ಅಂಟಿಸುವುದು, ಪ್ರತಿ ಸ್ಲೈಡಿನಲ್ಲಿ ಚಿತ್ರ ಸರಿಯಾಗಿ ಕಾಣುವ ಮಗ್ಗುಲಿನ ಕೆಳಗಿನ ಎಡಮೂಲೆಗೆ ಕೆಂಪು ಚುಕ್ಕೆ ಇಡುವುದು. ಆ ಚುಕ್ಕೆ ಇದ್ದರೆ ಸ್ಲೈಡನ್ನು ಯಾವ ಕಡೆ ತಿರುಗಿಸಿ ಹಾಕಬೇಕೆಂದು ಕತ್ತಲಲ್ಲೂ ಗೊತ್ತಾಗುತ್ತದೆ.

ಮೊದಲನೇ ದಿನವೇ ಮಾರ್ಜ್ ನನ್ನ ಹಣೆಯ ಕುಂಕುಮ ನೋಡಿ, "ಇದೂ ಅದಕ್ಕೇನಾ? ನಿನ್ನನ್ನ ಯಾವ ಕಡೆಯಿಂದ ಒಳಗೆ ಹಾಕ್ಬೇಕು ಅಂತ ಗುರುತು?" ಎಂದು ಕೇಳಿದಳು. ಅವಳು ಆಡಿದ್ದು ಇಂಗ್ಲಿಷು, ನಾನು ನನ್ನ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ಕನ್ನಡ ಕೂಟದಲ್ಲಿ ಸಿಕ್ಕ ಹೆಂಗಸರು "ಏನ್ರೀ ಕೆಲಸ?" ಎಂದು ವಿಚಾರಿಸಿದರೆ, "ಕಲ್ಲಿನ ವಿಗ್ರಹಗಳಿಗೆ ಬೊಟ್ಟು ಇಡೋದು" ಎನ್ನುತ್ತಿದ್ದೆ. ಯಾವುದೋ ದೇವಸ್ಥಾನದ ಸೇವೆಯಿರಬೇಕೆಂದುಕೊಂಡು ಒಬ್ಬರು ಕೈಮುಗಿದದ್ದೂ ಉಂಟು.

ಈ ಕೆಲಸ ನನಗೆ ತೀರಾ ಹೊಸದೇನಲ್ಲ. ನಮ್ಮಪ್ಪನಿಗೆ ಮೈಸೂರಿನ ಶಿವರಾಂಪೇಟೆಯಲ್ಲಿ ಫೋಟೋ ಸ್ಟುಡಿಯೋ ಇತ್ತು. ಶಾಲೆ ಬಿಟ್ಟವಳು ನೇರ ಅಲ್ಲಿಗೇ ಹೋಗುತ್ತಿದ್ದೆ. ಡಾರ್ಕ್‌ರೂಮಿನ ಕೆಂಪು ಬಲ್ಬು, ಹುಳಿ ಹುಳಿ ವಾಸನೆ, ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತು ಬಿಟ್ಟ ಒದ್ದೆ ಫೋಟೋಗಳಿಂದ ತೊಟ್ಟಿಕ್ಕುವ ನೀರು. ಇಷ್ಟರ ಮಧ್ಯೆ ನೆಲದ ಮೇಲೆ ಕೂತು ನನ್ನ ಮಗ್ಗಿ. ಹದಿನಾಲ್ಕು ವರ್ಷವಾದಾಗ ಅಪ್ಪ ಮೊದಲ ಸಲ ಒಂದು ಮದುವೆಯ ಫೋಟೋ ಪ್ರಿಂಟು ಹಾಕಲು ನನಗೆ ಬಿಟ್ಟರು. ನಾನು ನೆಗೆಟಿವ್ವನ್ನು ತಿರುವುಮುರುವಾಗಿ ಇಟ್ಟುಬಿಟ್ಟೆ. ಮಾರನೆಯ ದಿನ ಹುಡುಗಿಯ ಅಜ್ಜಿ ಕಟ್ಟು ಹಾಕಿಸಿದ ಫೋಟೋವನ್ನು ಕಂಕುಳಲ್ಲಿ ಹೊತ್ತುಕೊಂಡೇ ಬಂದರು.

"ಏನಪ್ಪಾ ಇದು? ಸೆರಗು ಬಲಗಡೆ ಬಂದಿದೆ! ನಮ್ಮ ಹುಡುಗೀನ ಗುಜರಾತಿಯೋಳು ಮಾಡಿಬಿಟ್ಯಲ್ಲ! ಅಳಿಯಂದ್ರು ನೋಡಿದ್ರೆ ಎಡಗೈಲಿ ಅಕ್ಷತೆ ಹಾಕ್ತಾ ಇದಾರೆ!"

ಅಪ್ಪ ಕ್ಷಮೆ ಕೇಳಿ ಬೇರೆ ಪ್ರಿಂಟು ಹಾಕಿಕೊಟ್ಟರು. ನನಗೆ ಬೈಯಲಿಲ್ಲ. ಫಿಲಮ್ಮಿನ ಒಂದು ಮಗ್ಗುಲು ಮಿರುಗುತ್ತದೆ, ಇನ್ನೊಂದು ಮಂಕು. ಮಿರುಗುವ ಮಗ್ಗುಲು ನಮ್ಮ ಕಡೆಗಿದ್ದಾಗ ಕಾಣುವುದೇ ಸರಿಯಾದ ಚಿತ್ರ. ಕಣ್ಣಿಗೆ ಅನುಮಾನ ಬಂದರೆ ಫಿಲಮ್ಮಿನ ಅಂಚನ್ನು ಒದ್ದೆ ತುಟಿಗೆ ಮುಟ್ಟಿಸಬೇಕು. ಮಂಕು ಮಗ್ಗುಲು ತುಟಿಗೆ ಅಂಟುತ್ತದೆ. ಇಷ್ಟನ್ನು ಅವತ್ತು ಸಂಜೆ ಹೇಳಿಕೊಟ್ಟರು.

ಸ್ಲೈಡು ಕೋಣೆಗೆ ಬರುತ್ತಿದ್ದ ಮೇಷ್ಟ್ರುಗಳಲ್ಲಿ ನನಗೆ ಅಚ್ಚುಮೆಚ್ಚು ಎಂದರೆ ಪ್ರೊಫೆಸರ್ ವಿಟೇಕರ್. ಮಧ್ಯಯುಗದ ಕಲೆಯ ಪಾಠ ಹೇಳುತ್ತಿದ್ದರು. ಉದ್ದ ಆಳು, ಮೊಣಕೈಗೆ ತೇಪೆ ಹಾಕಿದ ಕೋಟು. ಅಲ್ಲಿಯ ಉಳಿದವರೆಲ್ಲ ವಸುಮತಿ ಎಂಬ ನನ್ನ ಹೆಸರನ್ನು "ವಾಸು" ಮಾಡಿ ನನ್ನನ್ನು ಗಂಡಸಾಗಿಸಿದ್ದರೆ, ಇವರು ಮಾತ್ರ "ಮಿಸೆಸ್ ಮೂರ್ತಿ" ಎಂದು ಕರೆದು, ಮಾತು ಮುಗಿಯುವವರೆಗೂ ಎದುರಿಗೆ ನಿಂತಿರುತ್ತಿದ್ದರು. ಮಾರ್ಜ್‌ಗೆ ಸೊಂಟ ಹಿಡಿದುಕೊಂಡ ಮೇಲೆ ಗುರುವಾರ ಮಧ್ಯಾಹ್ನ ಅವರ ಕ್ಲಾಸಿಗೆ ಪ್ರೊಜೆಕ್ಟರು ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಕತ್ತಲಲ್ಲಿ ಹಿಂದೆ ಕೂತು, ಅವರು "ಮುಂದಿನದು" ಎಂದಾಗ ಗುಂಡಿ ಒತ್ತುವುದು. ಹಾಗೆ ಕೂತು ಕೂತೇ ನಾನು ಇಟಲಿಯ ಪಾರ್ಮಾ ಎಂಬ ಊರನ್ನು ಕಂಡದ್ದು.

ಆ ಊರಿನ ದೊಡ್ಡ ಚರ್ಚಿನ ಪಕ್ಕದಲ್ಲಿ, ಜ್ಞಾನಸ್ನಾನ ಮಾಡಿಸಲೆಂದೇ ಕಟ್ಟಿದ ಬೇರೆ ಒಂದು ಕಟ್ಟಡವಿದೆ. ಬ್ಯಾಪ್ಟಿಸ್ಟರಿ ಎನ್ನುತ್ತಾರೆ. ಸುಮಾರು ಎಂಟುನೂರು ವರ್ಷ ಹಳೆಯದು. ಹೊರಗಿನಿಂದ ಎಂಟು ಮುಖ, ನಸುಗೆಂಪು ಕಲ್ಲು, ಒಂದರ ಮೇಲೊಂದು ಕಂಬಸಾಲು. ಒಳಗೆ ಹೋದರೆ ಮುಖ ಹದಿನಾರಾಗುತ್ತವೆ. ನಡುವೆ ನೀರಿನ ದೊಡ್ಡ ಕಲ್ಲುತೊಟ್ಟಿ. ತಲೆಯೆತ್ತಿದರೆ ಬಿಚ್ಚಿದ ಕೊಡೆಯ ಒಳಮೈಯಂಥ ಮಾಡು, ಅದರ ಕಡ್ಡಿಗಳ ನಡುವೆ ಸುತ್ತುಸುತ್ತಾಗಿ ಸಂತರು, ದೇವದೂತರು. ಒಳಗಿನ ಮೊಗಸಾಲೆಯಲ್ಲಿ ಹನ್ನೆರಡು ತಿಂಗಳುಗಳಿಗೆ ಒಂದೊಂದು ವಿಗ್ರಹ. ಜನವರಿಗೆ ಎರಡು ಮುಖ. ಒಬ್ಬ ಪೀಪಾಯಿ ಸರಿಮಾಡುತ್ತಾನೆ, ಒಬ್ಬ ದ್ರಾಕ್ಷಿ ಕೀಳುತ್ತಾನೆ, ಇನ್ನೊಬ್ಬ ಮೂಲಂಗಿಯಂಥ ಗೆಡ್ಡೆ ಎಳೆಯುತ್ತಾನೆ. ಅವರ ಜೊತೆಗೆ ರಾಶಿಗಳ ಕೆತ್ತನೆಗಳು. ನಮ್ಮ ಪಂಚಾಂಗದ ಸಿಂಹ, ವೃಶ್ಚಿಕ, ಮೀನಗಳೇ! ಪರದೇಶದ ಚರ್ಚಿನಲ್ಲಿ ಮನೆಯ ಕ್ಯಾಲೆಂಡರು ಸಿಕ್ಕಿದ ಹಾಗಾಗಿ ನಾನು ಒಬ್ಬಳೇ ನಕ್ಕಿದ್ದೆ. ಅಲ್ಲಿಗೆ ನಾನು ಇವತ್ತಿನವರೆಗೂ ಹೋಗಿಲ್ಲ. ಹೋದರೆ ಟಾಯ್ಲೆಟ್ಟು ಎಲ್ಲಿದೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನನಗೆ ಗೊತ್ತು.

ವಿಟೇಕರ್ ಅಲ್ಲಿಗೆ ಒಂದೇ ಒಂದು ಸಲ ಹೋಗಿದ್ದರು, ಓದುವ ಕಾಲದಲ್ಲಿ. ಸ್ಲೈಡುಗಳೆಲ್ಲ ಅವರೇ ತೆಗೆದವು. ಅವರ ಪಾಠದಲ್ಲಿ ಎಲ್ಲರೂ ಕಾಯುತ್ತಿದ್ದ ಒಂದು ಘಟ್ಟವಿತ್ತು. ಅಕ್ಟೋಬರ್ ತಿಂಗಳ ವಿಗ್ರಹ, ಬಿತ್ತುವ ರೈತ. "ಇವನ ಕೈ ನೋಡಿ. ಎಡಗೈ!" ಎನ್ನುತ್ತಿದ್ದರು. "ಆ ಕಾಲದಲ್ಲಿ ಎಡ ಅಂದ್ರೆ ಅಪಶಕುನ, ಪಾಪ. ಶಿಲ್ಪಿ ಸುಮ್ನೆ ಬಲಗೈ ಕೆತ್ತಬಹುದಾಗಿತ್ತು, ಯಾರೂ ಕೇಳ್ತಿರ್ಲಿಲ್ಲ. ಆದ್ರೆ ಅವನು ಯಾವುದೋ ಹೊಲದಲ್ಲಿ ಒಬ್ಬ ನಿಜವಾದ ಎಡಚನನ್ನ ನೋಡಿದಾನೆ. ನೋಡಿದ್ದನ್ನ ತಿದ್ದಿಲ್ಲ." ಆಮೇಲೆ ತಮ್ಮ ಎಡಗೈ ಎತ್ತಿ ತೋರಿಸುತ್ತಿದ್ದರು. ಅವರೂ ಎಡಚರೇ. ಚಿಕ್ಕಂದಿನಲ್ಲಿ ಟೀಚರು ಆ ಕೈಯನ್ನು ಕುರ್ಚಿಗೆ ಕಟ್ಟಿ ಬಲಗೈಯಲ್ಲಿ ಬರೆಸುತ್ತಿದ್ದರಂತೆ. "ಎಂಟುನೂರು ವರ್ಷದ ಹಿಂದೆ ಒಬ್ಬ ಮನುಷ್ಯ ನನ್ನಂಥವನನ್ನ ಇದ್ದ ಹಾಗೇ ಬಿಟ್ಟ." ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಜೋನ್ ಎಂಬ ಹುಡುಗಿ ಎಡಗೈಯಲ್ಲೇ ನೋಟ್ಸು ಬರೆಯುತ್ತಿದ್ದವಳು, ನಾನು ಈ ಪಾಠ ಮೊದಲು ಕೇಳಿದ ದಿನ ಪೆನ್ನು ಕೆಳಗಿಟ್ಟು ಪರದೆ ನೋಡಿದಳು.

ನನಗೆ ಮಾತ್ರ ಒಳಗೊಳಗೇ ಮುಜುಗರ. ಎಡಗೈಯಲ್ಲಿ ಬಿತ್ತನೆಯೇ? ಎಡಗೈಯಲ್ಲಿ ಪ್ರಸಾದ ತೆಗೆದುಕೊಂಡರೆ ನಮ್ಮಮ್ಮ ಕೈಮೇಲೆ ಒಂದು ಕೊಡುತ್ತಿದ್ದರು. ಆದರೂ ಮೇಷ್ಟ್ರು ಕಣ್ಣಾರೆ ಕಂಡವರು, ಇಟಲಿಯವರ ಪದ್ಧತಿ ನನಗೇನು ಗೊತ್ತು ಎಂದು ಸುಮ್ಮನಾದೆ.

ಮುಂದಿನ ವರ್ಷದ ವಸಂತ. ಪಾಠಕ್ಕೆ ಮುಂಚೆ ಒಮ್ಮೆ ಹಾಕಿ ನೋಡುವಾಗ ಪ್ರೊಜೆಕ್ಟರಿನ ಬಿಸಿಗೆ ಆ ಸ್ಲೈಡಿನ ಗಾಜು ಸೀಳಿತು. ಪಾರ್ಮಾ ಪಾಠ ಆ ವಾರವೇ ಇದ್ದದ್ದರಿಂದ ಮಾರ್ಜ್ ಅದನ್ನು ನನ್ನ ಕೈಗಿಟ್ಟು ಗಾಜು ಬದಲಿಸಲು ಹೇಳಿದಳು. ಚೌಕಟ್ಟು ಬಿಚ್ಚಿ ಫಿಲಮ್ಮನ್ನು ಬೆಳಕಿಗೆ ವಾಲಿಸಿದೆ. ಚುಕ್ಕೆಯಿದ್ದ ಕಡೆ ಮಂಕು ಮಗ್ಗುಲು. ಭೂತಗನ್ನಡಿ ಹಚ್ಚಿ ನೋಡಿದೆ. ನಂಬಿಕೆ ಸಾಲದೆ ಅಂಚನ್ನು ತುಟಿಗೆ ಮುಟ್ಟಿಸಿದೆ. ಅಂಟಿತು.

"ಅಯ್ಯೋ, ಅದನ್ನ ತಿನ್ನಬೇಡ ಮಾರಾಯ್ತಿ!" ಎಂದು ಮಾರ್ಜ್ ಕಿರುಚಿದಳು.

ವಿಷಯ ಹೇಳಿದೆ. ಎಂದೋ ಗಾಜು ಹಾಕಿದವರು ಫಿಲಮ್ಮನ್ನು ತಿರುವಿ ಹಾಕಿದ್ದಾರೆ, ರೈತ ಬಿತ್ತುತ್ತಿರುವುದು ಬಲಗೈಯಲ್ಲಿ. ಮಾರ್ಜ್ ಬಾಗಿಲು ಮುಚ್ಚಿ ಬಂದಳು. "ಮುಂಚೆ ಇದ್ದ ಹಾಗೇ ಕೂರಿಸಿಬಿಡು. ಜೂನಿನಲ್ಲಿ ಅವರು ರಿಟೈರ್ ಆಗ್ತಾರೆ. ಇನ್ನೊಂದೇ ಒಂದು ಸಲ ಈ ಪಾಠ. ಅವರ ಹತ್ರ ಇರೋದೇ ಆ ಒಬ್ಬ ರೈತ" ಎಂದಳು.

ಮನೆಗೆ ಬಂದು ಮೂರ್ತಿಯವರಿಗೆ ಹೇಳಿದೆ. ಅವರು ಚಪಾತಿ ಹರಿಯುವುದನ್ನು ನಿಲ್ಲಿಸಿದರು. "ನಮ್ಮಲ್ಲಿ ಚಿಪ್ಪಿನ ನಕ್ಷೆ ಇರೋ ಒಂದು ಮಾಸ್ಕು ಉಲ್ಟಾ ಇಟ್ರೆ ಇಡೀ ಬ್ಯಾಚಿನ ಚಿಪ್ಪು ಕಸದ ಬುಟ್ಟಿಗೆ. ತಪ್ಪು ಅಂದ್ರೆ ತಪ್ಪು. ಹೋಗಿ ಹೇಳಿಬಿಡು, ವಸು."

"ಅವರು ಚಿಪ್ಪಲ್ಲ ಕಣ್ರೀ, ಮನುಷ್ಯರು. ಮನಸ್ಸಿಗೆ ಎಷ್ಟು ನೋವಾಗುತ್ತೆ."

"ಹಾಗಾದ್ರೆ ಹೇಳಬೇಡ."

"ಸುಳ್ಳು ಅಂತ ಗೊತ್ತಿದ್ದೂ ಗುಂಡಿ ಒತ್ತೋದು ಹೇಗೆ?"

"ಮತ್ತೆ ನನ್ನ ಯಾಕೆ ಕೇಳಿದೆ?" ಎಂದು ಅವರು ಪಲ್ಯದ ಕಡೆ ತಿರುಗಿದರು.

ಹೇಳುವುದು, ಬಿಡುವುದು, ಎರಡಕ್ಕೂ ಧೈರ್ಯ ಸಾಲದೆ ನಾನು ಮೂರನೆಯದೊಂದು ಮಾಡಿದೆ. ಯಾರಿಗೂ ಹೇಳದೆ ಫಿಲಮ್ಮನ್ನು ಸರಿಯಾಗಿ ಕೂರಿಸಿ, ಹೊಸ ಗಾಜು ಹಾಕಿ, ಹೊಸ ಚುಕ್ಕೆ ಇಟ್ಟು, ಗುರುವಾರದ ಪಾಠಕ್ಕೆ ಸ್ಲೈಡು ಜೋಡಿಸುವ ಪ್ರೊಜೆಕ್ಟರಿನ ತಟ್ಟೆಗೆ ಸೇರಿಸಿಬಿಟ್ಟೆ. ಚಿತ್ರ ನೋಡಿದ ಕೂಡಲೇ ಅವರಿಗೇ ಎಲ್ಲ ತಿಳಿದುಬಿಡುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ. ನನ್ನ ಲೆಕ್ಕಾಚಾರ ಅಷ್ಟು. ಅದೊಂದು ಮಹಾ ಉಪಾಯವೆಂದು ಎರಡು ದಿನ ಅಂದುಕೊಂಡಿದ್ದೆ.

ಗುರುವಾರ ಬಂತು. ಜನವರಿಯಿಂದ ಶುರುವಾಗಿ ಒಂದೊಂದೇ ತಿಂಗಳು ಪರದೆಯ ಮೇಲೆ ಬಂದು ಹೋಯಿತು. ದ್ರಾಕ್ಷಿಯವನು ಹೋದ. "ಮುಂದಿನದು" ಎಂದರು. ಗುಂಡಿ ಒತ್ತಿದೆ.

ಅವರು ಪರದೆಗೆ ಬೆನ್ನು ಹಾಕಿ, ಕ್ಲಾಸಿನ ಕಡೆ ನೋಡುತ್ತ ಮಾತಾಡುತ್ತಿದ್ದರು. "ಇವನ ಕೈ ನೋಡಿ. ಎಡಗೈ!"

ಯಾರೋ ಕಿಸಕ್ಕೆಂದರು. ಅವರು ತಿರುಗಿ ನೋಡಿದರು. ರೈತ ಬಲಗೈಯಲ್ಲಿ ಬಿತ್ತುತ್ತಿದ್ದ.

ಪ್ರೊಜೆಕ್ಟರಿನ ಫ್ಯಾನಿನ ಸದ್ದು ಅಷ್ಟು ಜೋರಾಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಸ್ಲೈಡು ತಿರುವುಮುರುವು ಬಿದ್ದಿದೆ. ಪರವಾಗಿಲ್ಲ. ಮಿಸೆಸ್ ಮೂರ್ತಿ, ಸ್ವಲ್ಪ ತಿರುಗಿಸಿ ಹಾಕ್ತೀರಾ?" ಎಂದರು, ಬಹಳ ಮೆತ್ತಗೆ.

ನಾನು ಎದ್ದು ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬಿಸಿಯಾಗಿದ್ದ ಸ್ಲೈಡನ್ನು ಎತ್ತಿ, ನನ್ನ ಕೈಯಾರೆ ಇಟ್ಟ ಸರಿಯಾದ ಚುಕ್ಕೆಯನ್ನು ತಪ್ಪು ಕಡೆಗೆ ತಿರುಗಿಸಿ ಹಾಕಿದೆ. ಎಡಗೈ ಬಂತು. ಅವರು ಪಾಠ ಮುಂದುವರಿಸಿದರು. ಪಾಪ, ಅಪಶಕುನ, ಹೊಲ, ಶಿಲ್ಪಿ, ಎಲ್ಲ ಹೇಳಿದರು. ತಮ್ಮ ಕೈ ಎತ್ತಿ ತೋರಿಸಿದರು. ಎರಡನೇ ಬಾರಿಗೆ ಈ ಕ್ಲಾಸಿಗೆ ಬಂದಿದ್ದ ಜೋನ್ ತನ್ನ ಎಡಗೈಯನ್ನೂ ಎತ್ತಿದಳು. ಹಿಂದಿನ ಸಾಲಿನ ಇನ್ನಿಬ್ಬರೂ ಎತ್ತಿದರು. ಎಲ್ಲರೂ ನಕ್ಕರು. ನಾನು ಕತ್ತಲಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಕ್ಲಾಸು ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡಿ, ಯಾರ ಕೈಯಲ್ಲಾದ್ರೂ ಆಗುತ್ತೆ" ಎಂದರು. ಅವರು ಬೈದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ.

"ಅದು ತಿರುವುಮುರುವು ಬಿದ್ದಿರ್ಲಿಲ್ಲ ಸರ್. ಸರಿಯಾಗೇ ಇತ್ತು. ಈಗ ತೋರಿಸಿದ್ದು ತಪ್ಪು" ಎಂದೆ. ಅಪ್ಪನ ಸ್ಟುಡಿಯೋ, ಮಂಕು ಮಗ್ಗುಲು, ತುಟಿ, ಗುಜರಾತಿ ಸೆರಗು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಸೆರಗಿನ ವಿಷಯ ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ.

ಅವರು ಸ್ಲೈಡನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ನಾನು ಕೊಟ್ಟ ಭೂತಗನ್ನಡಿ ಹಚ್ಚಿ ವಾಲಿಸಿ ನೋಡಿದರು, ತಿರುಗಿಸಿ ನೋಡಿದರು. ಅವರಿಗೂ ಫಿಲಮ್ಮು ಗೊತ್ತು.

"ನಾನು ಅವನ ಕೆಳಗೇ ನಿಂತಿದ್ದೆ, ಮಿಸೆಸ್ ಮೂರ್ತಿ" ಎಂದರು ಕೊನೆಗೆ. "ಎಡಗೈ ನೋಡಿದೀನಿ. ಅವತ್ತು ಅಲ್ಲಿ ಚಳಿ ಇತ್ತು, ಅದೂ ನೆನಪಿದೆ. ಕೋರ್ಟಲ್ಲಿ ಪ್ರಮಾಣ ಮಾಡು ಅಂದಿದ್ರೂ ಮಾಡ್ತಿದ್ದೆ." ಸ್ಲೈಡನ್ನು ನನ್ನ ಕೈಗೆ ವಾಪಸು ಕೊಟ್ಟು, ಕೋಟು ತೆಗೆದುಕೊಂಡು ಹೋದರು.

ಮಂಗಳವಾರ ಅವರು ಸ್ಲೈಡು ಕೋಣೆಗೆ ಬರಲಿಲ್ಲ. ಮಾರ್ಜ್ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಗುರುವಾರ ಮತ್ತೆ ವ್ಯಾಕ್ಯೂಮು ಹೊಡೆಯುತ್ತ ಮನೆಯಲ್ಲೇ ಇದ್ದುಬಿಡೋಣವೆನಿಸಿತ್ತು. "ಬಸ್ ಹೊರಡುತ್ತೆ ನೋಡು" ಎಂದು ಮೂರ್ತಿ ಬಾಗಿಲವರೆಗೂ ಬಂದು ಕಳಿಸಿದರು. ಹೋದೆ.

ಅವತ್ತು ಪಾಠ ಬೇರೆ ಯಾವುದೋ ಚರ್ಚಿನದು. ಆದರೆ ತಟ್ಟೆಯ ಮೊದಲನೇ ಮನೆಯಲ್ಲಿ ಬಿತ್ತುವವನನ್ನು ಹಾಕಿಡಲು ಅವರು ಚೀಟಿ ಬರೆದಿಟ್ಟಿದ್ದರು. ಯಾವ ಕಡೆ ತಿರುಗಿಸಿ ಎಂದು ಬರೆದಿರಲಿಲ್ಲ. ಚುಕ್ಕೆ ನೋಡಿ ಹಾಕಿದೆ.

"ಹೋದ ವಾರ ನಾನು ನಿಮಗೆ ಒಂದು ಸುಳ್ಳು ಹೇಳಿದೆ" ಎಂದು ಅವರು ಶುರುಮಾಡಿದರು. "ಸುಳ್ಳು ಅಂತ ಗೊತ್ತಿಲ್ಲದೆ ಹೇಳಿದೆ, ಬಹಳ ವರ್ಷದಿಂದ ಹೇಳ್ತಾ ಇದೀನಿ. ಈ ರೈತನ ಕೈ ಇದು. ಬಲಗೈ. ನನ್ನ ಸ್ಲೈಡು ಉಲ್ಟಾ ಇತ್ತು. ಕಂಡುಹಿಡಿದವರು ಹಿಂದೆ ಕೂತಿರೋ ಮಿಸೆಸ್ ಮೂರ್ತಿ." ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಕತ್ತಲೆಯಿದ್ದದ್ದು ಪುಣ್ಯ.

ಜೋನ್ ಕೇಳಿದಳು: "ಹಾಗಾದ್ರೆ ಅಲ್ಲಿ ಎಡಚರು ಯಾರೂ ಇಲ್ವಾ?"

"ಇವನಂತೂ ಅಲ್ಲ. ನನಗೆ ಒಬ್ಬ ಬೇಕಾಗಿದ್ದ, ಅದಕ್ಕೇ ಇನ್ನೊಂದು ಸಲ ಪರೀಕ್ಷೆ ಮಾಡಲಿಲ್ಲ" ಎಂದರು. ಆಮೇಲೆ "ಮುಂದಿನದು" ಎಂದರು.

ಸಂಜೆ ಸ್ಲೈಡು ಕೋಣೆಗೆ ಬಂದರು. ಮಾರ್ಜ್‌ಗೆ ಒಂದು ನಮಸ್ಕಾರ ಹೇಳಿ, ನನ್ನ ಪಕ್ಕದ ಸ್ಟೂಲಿನಲ್ಲಿ ಕೂತರು. ಪಾರ್ಮಾದ ಸ್ಲೈಡುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸೋಣ ಎಂದರು. ಮೇ ತಿಂಗಳೆಲ್ಲ ಅದನ್ನೇ ಮಾಡಿದೆವು. ನಸುಗೆಂಪು ಗೋಡೆ, ಬಾಗಿಲ ಮೇಲಿನ ಕೆತ್ತನೆ, ಕೊಡೆಯಂಥ ಮಾಡಿನ ಒಂದೊಂದು ಸುತ್ತು. ಅವರು ಹೆಸರಿನ ಚೀಟಿ ಓದಿ ಹೇಳುವುದು, ನಾನು ವಾಲಿಸಿ ನೋಡುವುದು. ಇನ್ನೂ ನಾಲ್ಕು ಸ್ಲೈಡು ಉಲ್ಟಾ ಸಿಕ್ಕಿದವು. ಅದರಲ್ಲಿ ಒಂದು ಎರಡು ಮುಖದ ಜನವರಿ. ಹೇಗೆ ತಿರುಗಿಸಿದರೂ ಅವನು ಎರಡೂ ಕಡೆ ನೋಡುತ್ತಾನೆಂದು ಅವರು ಬಹಳ ಹೊತ್ತು ನಕ್ಕರು. ನಾವು ಮಾತಾಡುತ್ತ ಮಾತಾಡುತ್ತ ಅವರಿಗೆ ನಮ್ಮ ಹನ್ನೆರಡು ರಾಶಿಗಳ ಹೆಸರು ಬಾಯಿಪಾಠವಾಯಿತು. "ವೃಶ್ಚಿಕ" ಮಾತ್ರ ಕೊನೆಯವರೆಗೂ ಅವರ ನಾಲಗೆಯಲ್ಲಿ ಹೊರಳಲಿಲ್ಲ.

ಬಿತ್ತುವವನ ಸರದಿ ಬಂದಾಗ ಬಹಳ ಹೊತ್ತು ನೋಡಿದರು. "ಬೀಜದ ಚೀಲ ಎಡಗೈಲಿದೆ, ಗಮನಿಸಿದ್ರಾ? ಭಾರವೆಲ್ಲ ಆ ಕೈ ಮೇಲೆ. ಇದರ ಮೇಲೂ ಇಪ್ಪತ್ತು ನಿಮಿಷ ಮಾತಾಡಬಲ್ಲೆ" ಎಂದರು.

"ಮಾತಾಡಿ ಸರ್."

"ಬೇಡ. ಬಿತ್ತುತಾ ಇದಾನೆ. ಸಾಕು."

ಹೆಸರಿನ ಚೀಟಿ ಬದಲಿಸಬೇಕಿತ್ತು. ನಾನೇ ಬರೆಯುತ್ತೇನೆಂದರೂ ಕೇಳದೆ ಅವರು ನನ್ನ ಇಂಕು ಪೆನ್ನು ತೆಗೆದುಕೊಂಡು, ಉಗುರಿನಷ್ಟು ಜಾಗದಲ್ಲಿ ಬರೆದರು: ಪಾರ್ಮಾ, ಬ್ಯಾಪ್ಟಿಸ್ಟರಿ, ಅಕ್ಟೋಬರ್, ಬಿತ್ತುವವನು, ಬಲಗೈ. ಬರೆಯುತ್ತ ಹೋದ ಹಾಗೆ ಅವರ ಎಡಗೈಯ ಅಂಚು ಹಸಿ ಅಕ್ಷರಗಳ ಮೇಲೆಯೇ ಹಾದುಹೋಗಿ ಚೀಟಿಯೆಲ್ಲ ನೀಲಿ ಮೆತ್ತಿಕೊಂಡಿತು. ಮೆತ್ತಿದ ಚೀಟಿ ಡ್ರಾಯರಿಗೆ ಹೋಗಕೂಡದೆಂಬುದು ಮಾರ್ಜ್‌ಳ ಕಟ್ಟುನಿಟ್ಟಾದ ನಿಯಮ. ಅವಳು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. ಹೊಸ ಚೀಟಿಯ ಡಬ್ಬಿ ಅವಳ ಕೈಯಲ್ಲೇ ಇತ್ತು. ಅದರ ಮುಚ್ಚಳ ಹಾಕಿದಳು. ಇಂಕು ಒಣಗಲೆಂದು ನಾನು ಒಂದೆರಡು ಸಲ ಊದಿ, ಇದ್ದ ಹಾಗೆಯೇ ಅಂಟಿಸಿದೆ.